ಗೋಯಾಕೂಟ್ ಬಾವಿಗೆ ಮಂಗಳವಾರ ಬಂದ ಸಾಹೇಬರು

ನನಗೆ ಹದಿನೇಳು ತುಂಬಿದ ವರ್ಷ, ಗಂಡಸರು ಹುಡುಗಿಯರ ಮೇಲೆ ನೀರು ಸುರಿಯುವ ಈಸ್ಟರ್ ಸೋಮವಾರದಂದು, ನನ್ನೊಬ್ಬಳ ಮೇಲೆ ಬಿದ್ದ ನೀರು ನಾಲ್ಕು ನೂರು ಬಕೆಟ್. ಗೋಯಾಕೂಟ್ ಊರಿನ ಬಾವಿ ಆ ದಿನ ತಳ ಕಂಡಿತು. ಕೆಳಗಿನ ಊರಿನ ಹಿಟ್ಟಿನ ಗಿರಣಿ ಎರಡು ದಿನ ನನ್ನ ಜಡೆಯಿಂದ ಹಿಂಡಿದ ನೀರಿನಲ್ಲೇ ತಿರುಗಿತು. ಇದರಲ್ಲಿ ಅರ್ಧ ಸುಳ್ಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಅರ್ಧ ಎಂದು ಕೇಳಬೇಡಿ, ನನಗೂ ಮರೆತುಹೋಗಿದೆ. ಆದರೆ ವೆಂಡೆಲ್‌ನ ಕಥೆ ಮಾತ್ರ ಪೂರ್ತಿ ನಿಜ. ಸುಳ್ಳು ಸೇರಿಸಬೇಕಾದ ಜಾಗದಲ್ಲೆಲ್ಲ ಅವನೇ ಸೇರಿಸಿಟ್ಟಿದ್ದರಿಂದ ನನಗೆ ಕೆಲಸವೇ ಉಳಿಯಲಿಲ್ಲ.

ವೆಂಡೆಲ್ ನಮ್ಮೂರ ಬಾವಿ ಕಾಯುವವನು. ಬಾವಿಯನ್ನು ಯಾರು ಕದ್ದುಕೊಂಡು ಹೋಗುತ್ತಾರೆ ಎಂದು ನೀವು ಕೇಳಬಹುದು. ಇಪ್ಪತ್ತಾರು ವರ್ಷದಲ್ಲಿ ಅದು ಒಂದು ದಿನವೂ ಕಳುವಾಗಿಲ್ಲವಲ್ಲ, ಅದಕ್ಕೆ ಕಾರಣ ತಾನೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ದಿನಾ ಬೆಳಿಗ್ಗೆ ರಾಟೆಗೆ ಎಣ್ಣೆ ಬಿಡುವುದು, ಹಗ್ಗದ ಗಂಟು ನೋಡುವುದು, ಬಾವಿಯ ಚಾವಣಿಯ ಮೇಲೆ ಗೂಡು ಕಟ್ಟಿದ ಕೊಕ್ಕರೆಗಳನ್ನು ಬೈಯುವುದು, ಕೊನೆಗೆ ಬಾವಿಯೊಳಗೆ ಬಗ್ಗಿ "ಎದ್ಯಾ?" ಎಂದು ಕೇಳುವುದು. ಬಾವಿಯೂ "ಎದ್ಯಾ?" ಎನ್ನುತ್ತಿತ್ತು. ಮದುವೆಯಾಗದ ಅರವತ್ತೊಂದು ವರ್ಷದ ಗಂಡಸಿಗೆ ಬೆಳಿಗ್ಗೆ ಅಷ್ಟು ಮಾತಾಡಿಸುವವರು ಸಿಕ್ಕರೆ ಸಾಕು. ಅವನ ಒಂದೇ ಒಂದು ದೌರ್ಬಲ್ಯ ಎಂದರೆ ತಣ್ಣೀರು. ತಣ್ಣೀರು ಕಂಡರೆ ಅವನಿಗೆ ಎಂಥ ಭಯ ಎಂದರೆ, ಮುಖವನ್ನು ಕೂಡ ಬೆಚ್ಚಗಿನ ಬಟ್ಟೆ ಹಿಂಡಿ ಒರೆಸಿಕೊಳ್ಳುತ್ತಿದ್ದ. ಬಾವಿಯ ಮೇಲಿನ ಪ್ರೀತಿಯೆಲ್ಲ ಕಟ್ಟೆಯ ಈಚೆಯಿಂದಲೇ.

ಒಂದು ಫೆಬ್ರವರಿಯಲ್ಲಿ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಗೋಯಾಕೂಟ್‌ನ ಬಾವಿಯನ್ನು ಯಾರೂ ಬಳಸುತ್ತಿಲ್ಲವೆಂದು ತಿಳಿದುಬಂದಿದೆ. ಮನೆಮನೆಗೆ ನಲ್ಲಿ ಇರುವುದರಿಂದ ಬಾವಿಯ ಮೇಲೆ ಕಾಂಕ್ರೀಟಿನ ಮುಚ್ಚಳ ಹಾಕಲಾಗುವುದು. ಕಾಯುವವನ ಹುದ್ದೆಯೂ ಮುಚ್ಚಳದ ಕೆಳಗೇ ಹೋಗುವುದು.

ವೆಂಡೆಲ್ ಅದನ್ನು ಮೂರು ಸಲ ಓದಿ, ಅಕ್ಕ ತೆರೇಜಳ ಮುಂದೆ ಇಟ್ಟ. ಅವನಿಗೆ ಅನ್ನ ಹಾಕುವವಳೂ ಬೈಯುವವಳೂ ಆಕೆಯೇ.

"ಅಕ್ಕಾ, ಬಾವಿ ಮುಚ್ಚಿದ್ರೆ ನಾನ್ಯಾರು?"

"ಈಗ ಯಾರೋ ಆಗ್ಲೂ ಅವನೇ. ಸೂಪು ಆರ್ತಿದೆ, ಕುಡಿ."

"ಅಲ್ಲ ಕಣಕ್ಕಾ, ಇಡೀ ಊರು ನನ್ನ 'ಬಾವಿ ವೆಂಡೆಲ್' ಅನ್ನುತ್ತೆ. ನಾಳೆ ಏನಂತಾರೆ? ಮುಚ್ಚಳ ವೆಂಡೆಲ್ ಅಂತಾರಾ?"

"ಇನ್ನೂ ಕೆಟ್ಟದಾಗಿ ಅನ್ನಬಹುದು. ನಮ್ಮೂರವರ ಬಾಯಿ ನಿಂಗೆ ಗೊತ್ತಿಲ್ವಾ?"

ಆ ರಾತ್ರಿಯ ಸೂಪು ಆರಿತು. ವೆಂಡೆಲ್ ಪೆನ್ನು ಹಿಡಿದ. ಬಾವಿ ಬಳಕೆಯಲ್ಲಿಲ್ಲ ಎಂಬುದು ಯಾರೋ ಹೊಟ್ಟೆಕಿಚ್ಚಿನವರು ಹಬ್ಬಿಸಿದ ಸುದ್ದಿ ಎಂದು ಬರೆದ. ಪ್ರತಿ ಈಸ್ಟರ್ ಸೋಮವಾರ ಈ ಬಾವಿಯ ನೀರನ್ನು ಮುನ್ನೂರು ಹುಡುಗಿಯರ ಮೇಲೆ ಬಕೆಟ್ಟಿನಲ್ಲಿ ಸುರಿಯಲಾಗುತ್ತದೆ, ಹಿಂದಿನ ಕಾಲದಲ್ಲಿ ಟರ್ಕರು ದಂಡೆತ್ತಿ ಬಂದಾಗಲೂ ಇದು ನಿಂತಿರಲಿಲ್ಲ, ಟರ್ಕರೇ ನಿಂತು ನೋಡಿದರು ಎಂದೂ ಬರೆದ.

ಈಗ ನಿಜ ಕೇಳಿ. ಗೋಯಾಕೂಟ್‌ನಲ್ಲಿ ಹೆಂಗಸರು ಒಟ್ಟು ಹದಿನೆಂಟು. ಎಲ್ಲರಿಗಿಂತ ಚಿಕ್ಕವಳಿಗೆ ಐವತ್ತಾರು. ಹುಡುಗಿಯರ ಮೇಲೆ ನೀರು ಹಾಕದಿದ್ದರೆ ಅವರು ಹೂವಿನ ಹಾಗೆ ಬಾಡಿಹೋಗುತ್ತಾರೆ ಎಂದು ಹಿರಿಯರು ಹೇಳಿದ್ದು ಹೌದು. ಆದರೆ ಬಕೆಟ್ ಎತ್ತಿದ ಕೊನೆಯ ಗಂಡಸು ನಮ್ಮ ಕಮ್ಮಾರ. ಹನ್ನೊಂದು ವರ್ಷದ ಹಿಂದೆ ಅವನು ಬಕೆಟ್ ಎತ್ತಿದಾಗ ನೀರು ಮೇಲೇ ಉಳಿಯಿತು, ಸೊಂಟ ಕೆಳಗೆ ಬಂತು. ಅಲ್ಲಿಂದೀಚೆಗೆ ಸೋಮವಾರ ಗಂಡಸರು ಬರುವುದು ಸೆಂಟಿನ ಬಾಟಲಿ ಹಿಡಿದುಕೊಂಡು. ಬಾಗಿಲಲ್ಲಿ ನಿಂತು ನಾಲ್ಕು ಸಾಲು ಪದ್ಯ ಹೇಳಿ, ತಲೆಗೆ ಎರಡು ಹನಿ ಚಿಮುಕಿಸಿ, ಬಣ್ಣದ ಮೊಟ್ಟೆಯನ್ನೂ ಒಂದು ಲೋಟ ಪ್ಲಮ್ ಹಣ್ಣಿನ ಸಾರಾಯಿಯನ್ನೂ ಪಡೆಯುವುದು. ನಾಲ್ಕನೇ ಮನೆಗೆ ಪದ್ಯ ಮರೆಯುತ್ತದೆ. ಏಳನೇ ಮನೆಗೆ ತಮ್ಮ ಮನೆ ಮರೆಯುತ್ತದೆ.

ಹದಿನೈದು ದಿನಕ್ಕೆ ಜಿಲ್ಲಾ ಕಚೇರಿಯ ಉತ್ತರ ಬಂತು. ಬಾವಿಗಳು ಮತ್ತು ಉತ್ಸವಗಳ ಮುಖ್ಯಾಧಿಕಾರಿ ಡಾಕ್ಟರ್ ತಿಹಮೇರ್ ಅವರು ಪತ್ರ ಓದಿ ರೋಮಾಂಚನಗೊಂಡಿದ್ದರು. ಇಂಥ ಜೀವಂತ ಸಂಪ್ರದಾಯ ಪ್ರವಾಸಿಗರಿಗೆ ಕಾಣದೆ ಹೋಗುವುದು ದೇಶಕ್ಕೇ ನಷ್ಟ. ಆದ್ದರಿಂದ ತಾವೇ ಒಂದು ಬಸ್ಸು ಪ್ರವಾಸಿಗರನ್ನು ಕರೆದುಕೊಂಡು ತಪಾಸಣೆಗೆ ಬರುವರು. ಹೇಳಿದ್ದೆಲ್ಲ ನಿಜವಾದರೆ ಬಾವಿ ಉಳಿಯುವುದು. ಸುಳ್ಳಾದರೆ ಅದೇ ದಿನ ಮುಚ್ಚಳ ಬೀಳುವುದು. ಎರಡು ಸಲ ಬರುವ ಡೀಸೆಲ್ ಉಳಿಸಲು ಮುಚ್ಚಳವನ್ನು ಬಸ್ಸಿನ ಹೊಟ್ಟೆಯಲ್ಲೇ ತರಲಾಗುವುದು. ಕೊನೆಗೆ ಒಂದು ಸಾಲು: ಈಸ್ಟರ್ ಸೋಮವಾರ ಸರ್ಕಾರಿ ರಜೆ. ರಜೆಯ ದಿನ ಕಚೇರಿ ತಪಾಸಣೆ ಮಾಡುವುದಿಲ್ಲ. ಆದ್ದರಿಂದ ಸಂಪ್ರದಾಯವನ್ನು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟುಕೊಳ್ಳತಕ್ಕದ್ದು.

ಈ ಸಾಲು ಓದಿ ವೆಂಡೆಲ್ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮಂಗಳವಾರದ ಮೇಲೆ, ಗೋರಿಗೆ ನೆಡುವ ಹಾಗೆ, ಒಂದು ಶಿಲುಬೆ ಬರೆದ.

ಯಾಕೆಂದರೆ ಗೋಯಾಕೂಟ್‌ನಲ್ಲಿ ಸೋಮವಾರ ಗಂಡಸರದ್ದು, ಮಂಗಳವಾರ ಹೆಂಗಸರದ್ದು. ಮಂಗಳವಾರ ಮಧ್ಯಾಹ್ನದ ಗಂಟೆ ಬಾರಿಸುವ ಮೊದಲು ಬೀದಿಯಲ್ಲಿ ಕಂಡ ಯಾವ ಗಂಡಸಿನ ಮೇಲೂ ನೀರು ಹಾಕಬಹುದು. ಸೆಂಟಿನ ಹನಿಯಲ್ಲ, ಬಕೆಟ್ಟು. ಗಂಡಸರ ಸೊಂಟ ಹೋಗಿರಬಹುದು, ನಮ್ಮ ಸೊಂಟಕ್ಕೆ ಏನಾಗಿದೆ? ಅದಕ್ಕೇ ಅವತ್ತು ಊರಿನ ಏಳೂ ಜನ ಗಂಡಸರು, ಅಧ್ಯಕ್ಷ ಗೆರ್ಗೆಯ್‌ನಿಂದ ಹಿಡಿದು ಪಾದ್ರಿಗಳವರೆಗೆ, ಪೀಪಾಯಿ ಸೋರುತ್ತಿದೆಯೇ ನೋಡುವ ನೆಪದಲ್ಲಿ ಚರ್ಚಿನ ಹಿಂದಿನ ವೈನಿನ ನೆಲಮಾಳಿಗೆ ಸೇರಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾರೆ. ಚರ್ಚಿನ ಗಂಟೆಯ ಹಗ್ಗವೂ ಆ ದಿನದ ಮಟ್ಟಿಗೆ ಹೆಂಗಸರ ಕೈಯಲ್ಲಿ. ಇಲ್ಲದಿದ್ದರೆ ಬೆಳಿಗ್ಗೆ ಏಳಕ್ಕೇ ಮಧ್ಯಾಹ್ನವಾಗಿಬಿಡುತ್ತಿತ್ತು.

ಹೆಂಗಸರಿಗೆಲ್ಲ ನಾಯಕಿ ಬೋರ್ಕಾ. ಗಂಡ ಸತ್ತು ಒಂಬತ್ತು ವರ್ಷ. ವಯಸ್ಸು ಅರವತ್ತಮೂರು. ತೋಳು ಮಾತ್ರ ನಲವತ್ತರದ್ದು. ವೆಂಡೆಲ್ ಅವಳ ಅಡುಗೆಮನೆಗೆ ಹೋಗಿ ಟೋಪಿ ತೆಗೆದು ನಿಂತ. ಒಂದು ದಿನದ ಮಟ್ಟಿಗೆ ಸೋಮವಾರವನ್ನು ಮಂಗಳವಾರಕ್ಕೆ ತಂದುಕೊಳ್ಳಿ, ನೀವು ಹದಿನೆಂಟು ಜನ ಮುನ್ನೂರು ಹುಡುಗಿಯರಾಗಿ, ಪ್ರವಾಸಿಗರ ಕೈಯಲ್ಲಿ ಸುಮ್ಮನೆ ನೀರು ಹಾಕಿಸಿಕೊಳ್ಳಿ ಎಂದು ಹೇಳುವುದು ಅವನ ಉದ್ದೇಶ. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಬೋರ್ಕಾ ಆಗ ಹಿಟ್ಟು ನಾದುತ್ತಿದ್ದಳು. ಅವಳು ಹಿಟ್ಟಿಗೆ ಕೊಟ್ಟ ಗುದ್ದು ನೋಡಿ ಅವನ ಬಾಯಿಪಾಠ ಅರ್ಧ ಉದುರಿತು.

"ಏನೋ ವೆಂಡೆಲ್, ಕೋಳಿ ಕದ್ದವನ ಥರ ನಿಂತಿದೀಯಾ?"

"ಏನಿಲ್ಲ ಬೋರ್ಕಾ. ಮಂಗಳವಾರ... ಜಿಲ್ಲೆಯಿಂದ ಒಬ್ಬರು ಸಾಹೇಬರು ಬರ್ತಾರೆ. ನೀರಿನ ವಿಷಯಕ್ಕೆ."

ಬೋರ್ಕಾಳ ಕೈ ನಿಂತಿತು. "ಮಂಗಳವಾರ? ಗಂಡಸಾ?"

"ಗಂಡಸೇ."

"ಮಧ್ಯಾಹ್ನ ಆದ್ಮೇಲಾ?"

"ಬೆಳಿಗ್ಗೆ ಹತ್ತಕ್ಕೆ."

"ಯಾರು ಹೇಳಿದ್ದು ಅವತ್ತು ಬಾ ಅಂತ? ನೀನಾ?"

"ಇಲ್ಲ, ಅವರೇ ದಿನ ಇಟ್ಟಿದ್ದು. ಕಾಗದದಲ್ಲಿ ಬರ್ದಿದಾರೆ. ಬಸ್ಸಲ್ಲಿ ಇನ್ನೊಂದಷ್ಟು ಗಂಡಸರನ್ನೂ ಕರ್ಕೊಂಡು ಬರ್ತಾರಂತೆ."

ಬೋರ್ಕಾ ನಿಧಾನವಾಗಿ ಕುರ್ಚಿಯ ಮೇಲೆ ಕೂತಳು. ಅವಳ ಕಣ್ಣಲ್ಲಿ ನೀರೇ ಬಂತು. "ಅಯ್ಯೋ, ಎಂಥ ಗಂಡೆದೆ ಕಣೋ ಆ ಮನುಷ್ಯನದು! ನಲವತ್ತು ವರ್ಷದಿಂದ ಈ ಊರಿನ ಗಂಡಸರು ಇಲಿ ಥರ ಬಿಲ ಸೇರ್ತಿದಾರೆ. ಅಲ್ಲೆಲ್ಲೋ ಕೂತಿರೋ ಒಬ್ಬ ಆಫೀಸರು ತಾನಾಗಿ ಬರ್ತಿದಾನಲ್ಲ! ಜೊತೆಗೆ ಜನಾನೂ ತರ್ತಿದಾನಲ್ಲ!"

"ಅದಲ್ಲ ಬೋರ್ಕಾ, ಅವರು..."

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು. ಹೋಗಿ ರಾಟೆಗೆ ಎಣ್ಣೆ ಬಿಡು. ನಮ್ಮ ಕಡೆಯಿಂದ ಒಂದು ಬಕೆಟ್ಟೂ ಕಮ್ಮಿ ಆಗಲ್ಲ ಅಂತ ಹೇಳು ನಿನ್ನ ಸಾಹೇಬ್ರಿಗೆ."

ವೆಂಡೆಲ್ ಮನೆಗೆ ಬಂದು ಇದನ್ನೇ ಬರೆದು ಕಳಿಸಿದ: 'ಗೋಯಾಕೂಟ್‌ನ ಸ್ತ್ರೀಯರು ತಮ್ಮ ಆಗಮನದ ಸುದ್ದಿ ಕೇಳಿ ಆನಂದಬಾಷ್ಪ ಸುರಿಸಿದರು. ಒಂದು ಬಕೆಟ್ಟೂ ಕಡಿಮೆಯಾಗದು.' ಅಕ್ಷರ ಅಕ್ಷರವೂ ನಿಜ. ಅವನ ಜೀವನದಲ್ಲಿ ಅವನು ಬರೆದ ಅತ್ಯಂತ ಸತ್ಯವಾದ ಪತ್ರವೇ ಅವನಿಗೆ ಅತ್ಯಂತ ದೊಡ್ಡ ಗಂಡಾಂತರ ತಂದಿತು ಎಂಬುದನ್ನು ಸುಳ್ಳು ಹೇಳುವವರು ಗಮನಿಸಬೇಕು.

ಆಮೇಲೆ ದಿನಾ ಬೆಳಿಗ್ಗೆ ನಿಜ ಹೇಳಿಬಿಡೋಣ ಎಂದು ಹೊರಡುವನು. ಒಂದು ದಿನ ಬೋರ್ಕಾ ಬಕೆಟ್ಟುಗಳ ಕಂಠ ಬಿಗಿಸುತ್ತಿದ್ದಳು. ಇನ್ನೊಂದು ದಿನ ಹೆಂಗಸರೆಲ್ಲ ಸೇರಿ ಹಾಡು ಕಲಿಯುತ್ತಿದ್ದರು. ಮತ್ತೊಂದು ದಿನ ಅಧ್ಯಕ್ಷ ಗೆರ್ಗೆಯ್ ದಾರಿಯಲ್ಲಿ ಸಿಕ್ಕಿ, ಸಾಹೇಬರ ಧೈರ್ಯಕ್ಕಾಗಿ ಊರ ಗಂಡಸರೆಲ್ಲ ನೆಲಮಾಳಿಗೆಯಲ್ಲೇ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವುದೆಂದು ತೀರ್ಮಾನವಾಗಿದೆ ಎಂದ. ಹೀಗೆ ಈಸ್ಟರ್ ಬಂತು. ಭಾನುವಾರ ಎಲ್ಲರೂ ಹೊಗೆಯಲ್ಲಿ ಹದ ಮಾಡಿದ ಮಾಂಸ, ಬೇಯಿಸಿದ ಮೊಟ್ಟೆ, ಹೆಣೆದ ಸಿಹಿ ಬ್ರೆಡ್ಡು ತಿಂದರು. ಸೋಮವಾರ ಗಂಡಸರು ಸೆಂಟು ಚಿಮುಕಿಸಿ, ಕುಡಿದು, ಒಬ್ಬರ ಮನೆ ಒಬ್ಬರು ಸೇರಿಕೊಂಡರು. ಮಂಗಳವಾರ ಬೆಳಗಾಯಿತು.

ವೆಂಡೆಲ್‌ಗೆ ಬೋರ್ಕಾ ಒಂದು ವಿನಾಯಿತಿ ಕೊಟ್ಟಿದ್ದಳು. "ನೀನು ಸಾಹೇಬ್ರನ್ನ ಎದುರುಗೊಳ್ಳಬೇಕಲ್ಲ, ಅದಕ್ಕೆ ಮೊದಲ ಬಕೆಟ್ ಬೀಳೋವರೆಗೆ ಬೀದೀಲಿರು. ಆಮೇಲೆ ನಿನ್ನ ಕಾಲಿಗೆ ಬುದ್ಧಿ ಹೇಳು."

ಹತ್ತಕ್ಕೆ ಸರಿಯಾಗಿ ಬಸ್ಸು ಬಂತು. ಮೊದಲು ಇಳಿದವರು ಡಾಕ್ಟರ್ ತಿಹಮೇರ್. ಬೂದು ಕೋಟು, ಚರ್ಮದ ಚೀಲ, ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಥರ್ಮಾಮೀಟರು. ಅವರ ಹಿಂದೆ ಪ್ರವಾಸಿಗರು. ನಗರದಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದ ಮೂವತ್ತೆರಡು ಮಂದಿ, ಎಲ್ಲರೂ ಗಂಡಸರು, ಪ್ರತಿಯೊಬ್ಬನ ಕೈಯಲ್ಲೂ ಕಚೇರಿಯ ಮುದ್ರೆ ಒತ್ತಿದ ಹೊಸ ನೀಲಿ ಬಕೆಟ್ಟು. ಹಳೆಯ ಅಭ್ಯಾಸದಂತೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತರು. ಅವರ ಮುಖಂಡ ಓಡನ್ ಎಂಬ ಮೀಸೆಯವನು ಕೈಗಂಟೆ ಬಾರಿಸುವವರೆಗೆ ಒಬ್ಬನೂ ಹೆಜ್ಜೆ ಕಿತ್ತಿಡಲಿಲ್ಲ.

ಬಾವಿಯ ಹತ್ತಿರ ನಿಂತಿದ್ದ ಹದಿನೆಂಟು ಹೆಂಗಸರಲ್ಲಿ ಒಂದು ನಿಟ್ಟುಸಿರು ಎದ್ದಿತು.

"ಬೋರ್ಕಕ್ಕಾ, ಬಕೆಟ್ ಕೂಡ ಅವರೇ ತಂದಿದಾರೆ!"

"ಸಂಸ್ಕಾರ ಕಣೇ ಅದು," ಎಂದಳು ಬೋರ್ಕಾ. "ನಗರದವರ ಹತ್ರ ಕಲೀಬೇಕು."

ಡಾಕ್ಟರ್ ತಿಹಮೇರ್ ಸುತ್ತ ನೋಡಿದರು. "ವೆಂಡೆಲ್ ಅವರೇ, ಮುನ್ನೂರು ಹುಡುಗಿಯರು ಎಲ್ಲಿ?"

"ಇವರೇ ಸ್ವಾಮಿ."

"ಇವರಾ?"

"ನಾನು ಬರ್ದಾಗ ಹುಡುಗಿಯರೇ ಆಗಿದ್ರು ಸ್ವಾಮಿ. ಟಪಾಲು ತಲುಪೋದು ತಡ ಆಯ್ತು."

"ಮತ್ತೆ ಮುನ್ನೂರು?"

"ಉಳಿದವರು ಒಳಗೆ ಕೂದಲು ಬಾಚ್ಕೊಳ್ತಿದಾರೆ."

ಸಾಹೇಬರು ಏನೋ ಬರೆದುಕೊಂಡರು. ಅಷ್ಟರಲ್ಲಿ ತೆರೇಜ್, 'ಡಾಕ್ಟರ್' ಎಂಬುದನ್ನು ಕೇಳಿಸಿಕೊಂಡವಳು, ಲಂಗ ಸ್ವಲ್ಪ ಎತ್ತಿ ಮೊಣಕಾಲು ಮುಂದೆ ಚಾಚಿದಳು.

"ಸ್ವಾಮೀ, ಮೆಟ್ಲು ಇಳೀವಾಗ ಕಟಕಟ ಅನ್ನುತ್ತೆ. ಹತ್ತುವಾಗ ಏನೂ ಅನ್ನಲ್ಲ. ಏನಿರಬಹುದು?"

"ಅಮ್ಮಾ, ನಾನು ಕಾನೂನಿನ ಡಾಕ್ಟರು."

"ಹಾಗಾದ್ರೆ ಇದು ಕಾನೂನು ಪ್ರಕಾರ ಏನು ಅಂತ ಹೇಳಿ."

ಅವರು ಕಾನೂನು ಪ್ರಕಾರವೇ ನೋಡದೆ ಕಟ್ಟೆಯ ಹತ್ತಿರ ಹೋಗಿ ಥರ್ಮಾಮೀಟರನ್ನು ತುಂಬಿದ ಬಕೆಟ್ಟಿಗೆ ಅದ್ದಿದರು. ಹುಬ್ಬು ಗಂಟಿಕ್ಕಿತು. "ಉತ್ಸವದ ನೀರು ಇಪ್ಪತ್ತೆರಡು ಡಿಗ್ರಿ ಇರಬೇಕು ಅಂತ ನಿಯಮ. ಇದು ಎಂಟು!"

"ಎಂಟನ್ನ ಮೂರು ಸಲ ಹಾಕಿದ್ರೆ ಇಪ್ಪತ್ನಾಲ್ಕಾಗುತ್ತಲ್ಲ ಸ್ವಾಮಿ," ಎಂದಳು ಬೋರ್ಕಾ. "ಎರಡು ಡಿಗ್ರಿ ಊರಿನ ಕಡೆಯಿಂದ ಹೆಚ್ಚಿಗೆ."

ಸಾಹೇಬರಿಗೆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹೊಳೆಯಲಿಲ್ಲ. ಇಪ್ಪತ್ನಾಲ್ಕು ಎಂದು ಬರೆದುಕೊಂಡರು. ಆಮೇಲೆ ಚೀಲದಿಂದ ಒಪ್ಪಿಗೆ ಪತ್ರಗಳ ಕಟ್ಟು ತೆಗೆದರು. ಒಬ್ಬ ಪ್ರವಾಸಿಗೆ ಒಬ್ಬ ಊರಿನವರು, ಒಂದು ಜೋಡಿಗೆ ಒಂದು ಕಾಗದ. ಉಳಿದ ಹುಡುಗಿಯರು ಇನ್ನೂ ಕೂದಲು ಬಾಚುತ್ತಿದ್ದುದರಿಂದ ನಮ್ಮಲ್ಲಿ ಹದಿನಾಲ್ಕು ಜನಕ್ಕೆ ಎರಡೆರಡು ಕಾಗದ. ಮೇಲಿನ ಗೆರೆಯಲ್ಲಿ ನೀರು ಹಾಕುವವರ ಸಹಿ, ಕೆಳಗಿನ ಗೆರೆಯಲ್ಲಿ ಹಾಕಿಸಿಕೊಳ್ಳುವವರ ಸಹಿ. ಒಪ್ಪಿಗೆಯಿಲ್ಲದೆ ಒಂದು ಹನಿಯೂ ಬೀಳುವಂತಿಲ್ಲ.

ಹೆಂಗಸರಲ್ಲಿ ಒಬ್ಬರೂ ಕನ್ನಡಕ ತಂದಿರಲಿಲ್ಲ. ಹಬ್ಬಕ್ಕೆ ಕನ್ನಡಕ ಯಾರು ಹಾಕುತ್ತಾರೆ? ಟ್ರಾಮಿನವರಿಗೆ ಬಸ್ಸಿಳಿಯುತ್ತಲೇ ಎರಡೆರಡು ಲೋಟ ಪ್ಲಮ್ ಸಾರಾಯಿ ಕೊಟ್ಟಿದ್ದರಿಂದ ಅವರಿಗೆ ಕನ್ನಡಕವಿದ್ದೂ ಪ್ರಯೋಜನವಿರಲಿಲ್ಲ. ಓಡನ್ ಮೀಸೆ ತಿರುವಿ ಮೇಲಿನ ಗೆರೆಗೆ ಪೆನ್ನು ಇಟ್ಟ. ಬೋರ್ಕಾ ಅವನ ಕೈ ಹಿಡಿದಳು.

"ನಿಮ್ಮ ವಯಸ್ಸೆಷ್ಟು?"

"ಅರವತ್ತೆರಡು."

"ನಂದು ಅರವತ್ತಮೂರು. ಈ ಊರಲ್ಲಿ ಹಿರಿಯರ ಹೆಸರು ಮೇಲೆ, ಕಿರಿಯರದು ಕೆಳಗೆ. ಮದುವೆ ಕಾಗದದಿಂದ ಹಿಡಿದು ಗೋರಿ ಕಲ್ಲಿನವರೆಗೆ ಹಾಗೇನೇ."

"ನೋಡಿದ್ರೆ ನೀವು ನನಗಿಂತ ಹತ್ತು ವರ್ಷ ಚಿಕ್ಕವರ ಥರ ಕಾಣ್ತೀರಮ್ಮ."

"ಹೊಗಳೋದು ಆಮೇಲೆ. ಹೆಸರು ಕೆಳಗೆ."

ಓಡನ್ ಕೆಳಗೆ ಹಾಕಿದ. ಮುಂದಿನ ಟ್ರಾಮು ಹೋದ ದಾರಿಯಲ್ಲೇ ಹಿಂದಿನದೂ ಹೋಗಬೇಕಲ್ಲ, ಮೂವತ್ತೊಂದು ಜನವೂ ಕೆಳಗೇ ಹಾಕಿದರು. ಡಾಕ್ಟರ್ ತಿಹಮೇರ್ ಒಂದೊಂದು ಕಾಗದದ ಬುಡದಲ್ಲೂ, ಪ್ರವಾಸಿಯ ಹೆಸರಿಗೆ ಅಂಟಿಕೊಂಡಂತೆ, ಸಾಕ್ಷಿಯಾಗಿ ತಮ್ಮ ಸಹಿ ಗೀಚಿ ಟಪ್ ಟಪ್ ಎಂದು ಮುದ್ರೆ ಒತ್ತುತ್ತ ಹೋದರು. ಮೂವತ್ತೆರಡನೆಯದು ಮುಗಿಸಿ ತಲೆ ಎತ್ತಿದಾಗ ಮಾತ್ರ ಒಂದು ಕಾಗದವನ್ನು ಓದಿದರು. ಮತ್ತೊಂದನ್ನು ಓದಿದರು. ಮುಖದ ಬಣ್ಣ ಕಾಗದದ ಬಣ್ಣವೇ ಆಯಿತು.

"ವೆಂಡೆಲ್ ಅವರೇ, ಇದರ ಪ್ರಕಾರ ಈ ಹೆಂಗಸರು ಪ್ರವಾಸಿಗರ ಮೇಲೆ ನೀರು ಹಾಕಬೇಕು!"

"ಹರಿದು ಹಾಕಿ ಸ್ವಾಮಿ, ಬೇರೆ ಬರೆಯೋಣ," ಎಂದ ವೆಂಡೆಲ್. ಅವನ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಹರಿಯೋದಾ? ಮುದ್ರೆ ಬಿದ್ದ ಕಾಗದಾನ?" ಸಾಹೇಬರು ಎದೆ ಸೆಟೆಸಿ ನಿಂತರು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಸೇವೆ ಮಾಡಿದ ಮನುಷ್ಯ ಎಂದರೆ ಹಾಗಿರಬೇಕು. "ಕಾಗದದಲ್ಲಿ ಇದ್ದ ಮೇಲೆ ಹಾಗೇ ಆಗಬೇಕು. ಶುರು ಮಾಡಿ!"

ಬೋರ್ಕಾಳ ಮೊದಲ ಬಕೆಟ್ಟು ಓಡನ್‌ನ ಮೀಸೆಯ ಮೇಲೆ ಬೀಳುವ ಶಬ್ದ ವೆಂಡೆಲ್‌ಗೆ ಕೇಳಿಸಿತು. ಆದರೆ ಅದನ್ನು ಕೇಳುವ ಹೊತ್ತಿಗೆ ಅವನು ಅರವತ್ತು ಹೆಜ್ಜೆ ದಾಟಿ ನೆಲಮಾಳಿಗೆಯೊಳಗಿದ್ದ, ಚಿಲಕವೂ ಬಿದ್ದಾಗಿತ್ತು.

ನೆಲಮಾಳಿಗೆಗೆ ಬಾವಿಯ ಕಡೆಗೊಂದು ಗಾಳಿಕಿಂಡಿ. ಏಳು ಗಂಡಸರು ಸರದಿಯಲ್ಲಿ ಅದಕ್ಕೆ ಕಣ್ಣಿಟ್ಟು ಉಳಿದವರಿಗೆ ಹೇಳುತ್ತಿದ್ದರು.

"ಇಪ್ಪತ್ತು... ಇಪ್ಪತ್ತೊಂದು... ಅಯ್ಯೋ, ಅವನ ಟೋಪಿ ಹಾರಿಹೋಯ್ತು!"

"ಯಾರಾದ್ರೂ ಓಡಿ ಹೋಗ್ತಿದಾರಾ?" ವೆಂಡೆಲ್ ಕೇಳಿದ.

"ಇಲ್ಲಪ್ಪ. ಸಾಲಲ್ಲೇ ನಿಂತಿದಾರೆ. ಒಬ್ಬ ನೆನೆದ ಕೂಡ್ಲೆ ಗಂಟೆ ಹೊಡೀತಾರೆ, ಮುಂದಿನವನು ಬಂದು ನಿಲ್ತಾನೆ. ನೆನೆದವರು ಹಾಡ್ತಿದಾರೆ."

"ಮೂವತ್ತೆರಡು! ಮುಗೀತು," ಎಂದ ಅಧ್ಯಕ್ಷ ಗೆರ್ಗೆಯ್. ಮರುಕ್ಷಣವೇ, "ಇಲ್ಲ, ಮುಗೀಲಿಲ್ಲ. ಬೋರ್ಕಾ ಸಾಹೇಬ್ರ ಹತ್ರ ಹೋಗ್ತಿದಾಳೆ," ಎಂದ.

ಅವಳು ಕಾಗದದ ಕಟ್ಟನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದಿದ್ದಳು. ಅವಳ ಧ್ವನಿ ಕಿಂಡಿಯಿಲ್ಲದಿದ್ದರೂ ಕೇಳಿಸುತ್ತಿತ್ತು.

"ಸ್ವಾಮೀ, ಕೆಳಗೆ ಹೆಸರಿರೋರಿಗೆ ನೀರು ಅಂದ್ರಿ. ಇಲ್ಲಿ ಕೆಳಗೆ ಎರಡೆರಡು ಹೆಸರಿದೆ."

"ಅದು ಸಾಕ್ಷಿ ಸಹಿ ಅಮ್ಮಾ!"

"ಸಾಕ್ಷಿ ಅಂದ್ಮೇಲೆ ಹತ್ತಿರದಿಂದ ನೋಡ್ಬೇಕು ತಾನೇ? ಎಷ್ಟು ಕಾಗದಕ್ಕೆ ಹಾಕಿದೀರಿ?"

ಡಾಕ್ಟರ್ ತಿಹಮೇರ್ ಸುಳ್ಳು ಹೇಳುವ ಮನುಷ್ಯನಲ್ಲ. "ಮೂವತ್ತೆರಡು," ಎಂದು ಕನ್ನಡಕ ತೆಗೆದು, ಚೀಲದೊಂದಿಗೆ ತೆರೇಜಳ ಕೈಗೆ ಕೊಟ್ಟು, ಕಣ್ಣು ಮುಚ್ಚಿದರು.

ಗಂಡಸರು ಮೌನ ಆಚರಿಸಿದರು. ಒಂದು ನಿಮಿಷ ಎಂದುಕೊಂಡಿದ್ದರು, ಆದರೆ ಮೂವತ್ತೆರಡು ಬಕೆಟ್ಟಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೊಕ್ಕರೆಗಳು ಗೂಡು ಬಿಟ್ಟು ಚರ್ಚಿನ ಮೇಲೆ ಹೋಗಿ ಕೂತವು. ನೀರು ಇಳಿಜಾರಿನಲ್ಲಿ ಹರಿದು ಬೋರ್ಕಾಳ ಬಾತುಕೋಳಿಗಳನ್ನು ಪಕ್ಕದ ಊರಿನ ಗಡಿಯವರೆಗೆ ತೇಲಿಸಿಕೊಂಡು ಹೋಯಿತು ಎಂದರೆ ನೀವು ನಂಬುವುದಿಲ್ಲ. ಬೇಲಿಯವರೆಗೆ ಎಂದಾದರೂ ನಂಬಿ.

ಹನ್ನೊಂದೂಕಾಲಿಗೆ ನೆಲಮಾಳಿಗೆಯ ಬಾಗಿಲನ್ನು ಯಾರೋ ದಡದಡ ಬಡಿದರು. ತೆರೇಜ್.

"ವೆಂಡೆಲ್! ಹೊರಗ್ ಬಾ. ಸಾಹೇಬ್ರು ಕರೀತಿದಾರೆ."

"ಗಂಟೆ ಬಾರಿಸಿಲ್ವಲ್ಲಕ್ಕಾ!"

"ಗಂಟೆಗೆ ಕಾಯೋಕಾಗಲ್ಲ. 'ಬಾವಿ ಬಳಕೆಯಲ್ಲಿದೆಯೇ' ಅನ್ನೋ ಕಡೆ ಅವರು 'ಇ-ಇ-ಇದೆ' ಅಂತ ನಡುಗ್ತಾನೇ ಬರ್ದಿದಾರೆ. ಅದರ ಕೆಳಗೆ ಬಾವಿ ಕಾಯೋನ ಸಹಿ ಬೇಕಂತೆ. ಬಾವಿ ಮುಂದೆ ನಿಂತೇ ಹಾಕ್ಬೇಕಂತೆ. ಬಸ್ಸು ಹನ್ನೊಂದೂವರೆಗೆ ಹೊರಡುತ್ತೆ. ಸಹಿ ಇಲ್ದಿದ್ರೆ ಮುಚ್ಚಳ ಹಾಕಿ ಹೋಗ್ತಾರಂತೆ. ಡ್ರೈವರು ಆಗ್ಲೇ ಅರ್ಧ ಹೊರಗೆಳೆದಿದಾನೆ!"

ವೆಂಡೆಲ್ ಗಾಳಿಕಿಂಡಿಗೆ ಕಣ್ಣಿಟ್ಟ. ನಿಜ. ಬಸ್ಸಿನ ಹೊಟ್ಟೆಯಿಂದ ಕಾಂಕ್ರೀಟಿನ ಮುಚ್ಚಳ ನಾಲಗೆಯ ಹಾಗೆ ಹೊರಗೆ ಚಾಚಿತ್ತು. ನೆಲಮಾಳಿಗೆಯಿಂದ ಬಾವಿಯವರೆಗಿನ ಅರವತ್ತು ಹೆಜ್ಜೆ ದಾರಿಯ ಎರಡೂ ಬದಿಗೆ, ಈಗಷ್ಟೇ ಓಡಿಹೋಗಿ ಸಾಲು ಸೇರಿದ ತೆರೇಜಳನ್ನೂ ಎಣಿಸಿದರೆ, ಒಂಬತ್ತೊಂಬತ್ತು ಹೆಂಗಸರು. ಎಲ್ಲರ ಬಕೆಟ್ಟೂ ತುಂಬಿ ತುಳುಕುತ್ತಿತ್ತು. ಎಂಟು ಡಿಗ್ರಿ.

"ಅಧ್ಯಕ್ಷರೇ, ನನ್ನ ಪರವಾಗಿ ನೀವೇ ಒಂದು ಸಹಿ..."

"ನಾನಾ? ನಾನು ಅಧ್ಯಕ್ಷ ಕಣೋ. ನಾನು ನೆನೆದ್ರೆ ಇಡೀ ಊರೇ ನೆನೆದ ಹಾಗೆ."

"ಫಾದರ್, ನೀವು..."

"ನಾನು ಇಲ್ಲಿಂದ್ಲೇ ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಪ್ಪ. ಇಲ್ಲಿಂದ ಚೆನ್ನಾಗಿ ತಲುಪುತ್ತೆ."

ಒಬ್ಬನು ತಳವಿಲ್ಲದ ಪೀಪಾಯಿ ತಲೆಯ ಮೇಲಿಂದ ಹಾಕಿಕೊಂಡು ಹೋಗು ಎಂದ. ಹಾಕಿ ನೋಡಿದರು. ಪೀಪಾಯಿ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ನಾಲ್ಕು ಅಮೂಲ್ಯ ನಿಮಿಷ ಹೋಯಿತು. ಹೊರಗೆ ಡ್ರೈವರು "ಒಂದು, ಎರಡು, ಎತ್ತು!" ಎಂದು ಕೂಗುವುದು ಕೇಳಿಸಿತು.

ವೆಂಡೆಲ್ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡ. ಕುತ್ತಿಗೆಯ ಗುಂಡಿ ಎರಡು ಸಲ ತಪ್ಪಿತು. "ಅಕ್ಕಂಗೆ ಹೇಳಿ, ಸೂಪು ಬಿಸಿ ಇಟ್ಟಿರ್ಲಿ," ಎಂದ. ಚಿಲಕ ತೆಗೆದ.

ಅವನು ಬಿಸಿಲಿಗೆ ಕಾಲಿಟ್ಟದ್ದೇ ತಡ, ಹಾಡುತ್ತಿದ್ದ ಟ್ರಾಮಿನವರು ಹಾಡು ನಿಲ್ಲಿಸಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳವಾರ ಬೀದಿಯಲ್ಲಿ ಸಿಕ್ಕಿಬಿದ್ದ ಗಂಡಸಿಗೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ತಾನಾಗಿ ಬಾಗಿಲು ತೆಗೆದು ನಡೆದು ಬರುವ ಗೋಯಾಕೂಟ್ ಗಂಡಸಿಗೆ ಏನು ಮಾಡಬೇಕೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ, ಯಾಕೆಂದರೆ ಅಂಥವನು ಹುಟ್ಟಿರಲಿಲ್ಲ. ಎಲ್ಲರೂ ದಾರಿಯ ಕೊನೆಯಲ್ಲಿ ಕಟ್ಟೆಗೆ ಒರಗಿ ನಿಂತ ಬೋರ್ಕಾಳ ಕಡೆ ತಿರುಗಿದರು.

ವೆಂಡೆಲ್ ಹಲ್ಲು ಕಚ್ಚಿಕೊಂಡು ನಡೆದ. ಹತ್ತು ಹೆಜ್ಜೆ. ಇಪ್ಪತ್ತು. ಎಡಗಡೆಯ ಮೊದಲ ಬಕೆಟ್ಟು ಎತ್ತಲು ಹೋಗಿ ಅರ್ಧಕ್ಕೆ ನಿಂತಿತು. ಅವನು ಮುಚ್ಚಳವನ್ನೇ ನೋಡುತ್ತಿದ್ದ.

"ಅದನ್ನ ಒಳಗೆ ಹಾಕ್ರಯ್ಯಾ ಡ್ರೈವರ್ರೇ!" ಎಂದು ಕೂಗಿದ. ಇಪ್ಪತ್ತಾರು ವರ್ಷದಲ್ಲಿ ಅವನು ಬಾವಿಯೊಳಕ್ಕೆ ಬಿಟ್ಟು ಬೇರೆ ಎಲ್ಲೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ಬಾವಿ ಕಾಯೋನು ಬರ್ತಿದಾನೆ!"

ಬೋರ್ಕಾ ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

"ಏ ವೆಂಡೆಲ್," ಎಂದಳು. "ಇಷ್ಟು ವರ್ಷ ಎಲ್ಲಿಟ್ಟಿದ್ಯೋ ಈ ಗಂಟಲನ್ನ?"

ಅಲ್ಲಿಂದ ಮುಂದಿನ ನಲವತ್ತು ಹೆಜ್ಜೆಯಲ್ಲಿ ಏನು ನಡೆಯಿತು ಎಂಬುದನ್ನು ಹದಿನೆಂಟು ಹೆಂಗಸರು ಹದಿನೆಂಟು ಥರ ಹೇಳುತ್ತಾರೆ. ನನ್ನದನ್ನು ಹೇಳಿದರೆ ಹತ್ತೊಂಬತ್ತನೆಯದಾಗುತ್ತದೆ, ಯಾಕೆಂದರೆ ನನ್ನದೇ ಎರಡಿವೆ. ಎಲ್ಲರೂ ಒಪ್ಪುವ ಸಂಗತಿ ಇಷ್ಟು. ಹನ್ನೊಂದು ಇಪ್ಪತ್ತೆಂಟಕ್ಕೆ ಸಹಿ ಬಿತ್ತು. ಬಸ್ಸು ಮುಚ್ಚಳವನ್ನು ಮತ್ತೆ ನುಂಗಿಕೊಂಡು, ಟ್ರಾಮಿನವರನ್ನೂ ಸಾಹೇಬರನ್ನೂ ಕಂಬಳಿ ಸುತ್ತಿಸಿಕೊಂಡು ಹೊರಟಿತು. ಮುಂದಿನ ವರ್ಷಕ್ಕೂ ಇದೇ ಮಂಗಳವಾರವೇ ಇರಲಿ ಎಂದು ಓಡನ್ ಕಿಟಕಿಯಿಂದ ಕೂಗಿದ. ಬಾವಿ ಇವತ್ತಿಗೂ ಬಾಯಿ ತೆರೆದುಕೊಂಡೇ ಇದೆ.

ಇನ್ನೊಂದು ಸಂಗತಿಯನ್ನೂ ಇಡೀ ಊರು ಕಣ್ಣಾರೆ ಕಂಡಿದೆ. ಆ ಮಧ್ಯಾಹ್ನ ಬೋರ್ಕಾಳ ಹಿತ್ತಲಿನ ಹಗ್ಗದ ಮೇಲೆ ವೆಂಡೆಲ್‌ನ ಕೋಟು ನೇತಾಡುತ್ತಿತ್ತು. ತೆರೇಜ್ ಸೂಪನ್ನು ಮೂರು ಸಲ ಬಿಸಿ ಮಾಡಿ, ಕೊನೆಗೆ ಬೈದುಕೊಂಡು ತಾನೇ ಕುಡಿದಳು. ಅವತ್ತು ಒಳ್ಳೆಯ ಬಿಸಿಲಿತ್ತು, ಗುಡ್ಡದ ಗಾಳಿಯೂ ಇತ್ತು. ಒದ್ದೆ ಕಂಬಳಿ ಕೂಡ ಸಂಜೆಯೊಳಗೆ ಒಣಗುವಂಥ ಹವೆ. ಆದರೂ ಆ ಕೋಟು ಶನಿವಾರದವರೆಗೆ ಹಗ್ಗದ ಮೇಲೇ ಇತ್ತು.

ಒಂದು ಕೋಟು ಒಣಗಲು ಐದು ದಿನ ಯಾಕೆ ಬೇಕಾಯಿತು? ನನ್ನ ಬಾಯಿ ಬಿಡಿಸಬೇಡಿ. ನೀವೇ ಹೇಳಿ ನೋಡೋಣ.